ಸಾಲಿನಲ್ಲಿ ಕೂತೇ ಉಳಿದವರು

"ಮಾಸ್ತರು ಕರ್ತನ ಭೋಜನ ತಗೊಂಡು ಮೂರು ವರ್ಷ ಆತ್ರಿ. ಯಾಕ ಅಂತ ಕೇಳಿದ್ರ ನಿಮ್ಮ ಹೆಸರು ಹೇಳ್ತಾರ."

ವಿದ್ಯಾನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ನಾನು ಕೊಟ್ಟ ನೀರನ್ನು ಇನ್ನೂ ಬಾಯಿಗೆ ಮುಟ್ಟಿಸದೆ ಆ ಎಳೆ ವಯಸ್ಸಿನ ಸಭಾಪಾಲಕರು ಇಷ್ಟು ಹೇಳಿದಾಗ ನನಗೆ ಮೊದಲು ನಗು ಬಂತು. ಪಾಪ, ಯಾರದೋ ಮನೆ ಅಂತ ನಮ್ಮ ಮನೆಗೆ ಬಂದಿದ್ದಾರೆ ಅಂದುಕೊಂಡೆ. ಆಮೇಲೆ ಅವರ ಮುಖ ನೋಡಿದೆ. ನಗು ಅಲ್ಲೇ ನಿಂತಿತು.

ಕರ್ತನ ಭೋಜನ ಅಂದರೆ ನಮ್ಮ ಕ್ರೈಸ್ತ ಸಭೆಗಳಲ್ಲಿ ತಿಂಗಳಿಗೊಮ್ಮೆ ಕೊಡುವ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಹೊರಗಿನವರಿಗೆ ಅಷ್ಟೇ ಕಾಣುತ್ತದೆ. ನಂಬಿದವರಿಗೆ ಅದು ಯೇಸುವಿನ ಪಂಕ್ತಿಯಲ್ಲೇ ಕೂತು ಉಂಡ ಹಾಗೆ. ಒಂದೊಂದೇ ಸಾಲು ಎದ್ದು ಹೋಗಿ ಪೀಠದ ಮುಂದೆ ಮೊಣಕಾಲೂರುತ್ತದೆ, ತೆಗೆದುಕೊಂಡು ಬಂದು ಮತ್ತೆ ಕೂಡುತ್ತದೆ. ಸಾಲು ಎದ್ದಾಗ ಒಬ್ಬರು ಕೂತೇ ಉಳಿದರೆ ಇಡೀ ಸಭೆಗೆ ಕಾಣುತ್ತದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಮಾತು. ನಾನು ಬೆಳೆದ ಸಭೆಯಲ್ಲಿ ನಲವತ್ತು ವರ್ಷ ಹಿರಿಯರಾಗಿದ್ದ ಮಾಸ್ತರರು ಮೂರು ವರ್ಷ, ತಿಂಗಳು ತಪ್ಪದೆ, ಎಲ್ಲರೆದುರು ಹಾಗೆ ಕೂತಿದ್ದರು. ಅದಕ್ಕೆ ಕಾರಣ ನಾನು. ನನಗೋ ಇದರ ಸುದ್ದಿಯೇ ಇರಲಿಲ್ಲ.

"ಈಗ ದವಾಖಾನ್ಯಾಗ ಅದಾರ್ರಿ," ಅಂದರು ಸಭಾಪಾಲಕರು. "ಭಾಳ ದಿನ ಇಲ್ಲ ಅಂತ ಡಾಕ್ಟರ್ ಹೇಳ್ಯಾರ. ಮಂಚದ ಮ್ಯಾಲೆನ ಭೋಜನ ಕೊಡ್ತೇನ್ರಿ ಅಂದೆ. ಒಲ್ಲೆ ಅಂದ್ರು. ನೀವೊಮ್ಮೆ ಬಂದು ಒಂದು ಮಾತು ಹೇಳಿದ್ರ..."

ನನ್ನ ಬಾಯಿ ಕಟ್ಟಿದ್ದು ಬಹಳ ಅಪರೂಪ. ನನ್ನ ಗಂಡ ಒಳಗಿನಿಂದ ಬಂದು ಗಾಬರಿಯಿಂದ ನೋಡಿದರು.

ಮಾಸ್ತರರ ಹೆಸರು ಬರೆಯುವುದಿಲ್ಲ. ಬರೆದರೆ ಹುಬ್ಬಳ್ಳಿಯಲ್ಲಿ ಅವರ ಕೈಯಲ್ಲಿ ಗಣಿತ ಕಲಿತ ನೂರಾರು ಜನ ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಹೈಸ್ಕೂಲಿನಲ್ಲಿ ಗಣಿತ, ರವಿವಾರ ಸಭೆಯ ಮಕ್ಕಳಿಗೆ ವೇದಪಾಠ. ತೆಳ್ಳನೆಯ ಎತ್ತರದ ಆಳು. ಬಿಳಿ ಅಂಗಿ, ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಮಣಿಕಟ್ಟಿನ ಗುಂಡಿ ಬಿಚ್ಚಿದ್ದನ್ನು ಯಾರೂ ನೋಡಿಲ್ಲ. ಮಾತಿಗೆ ಮೊದಲು ಎರಡು ಸಲ ಕೆಮ್ಮುತ್ತಿದ್ದರು. ಆ ಎರಡು ಕೆಮ್ಮು ಕೇಳಿದರೆ ಸಾಕು, ಇಡೀ ತರಗತಿ ಗಪ್‌ಚಿಪ್.

ಅವರ ನೇರತನದ ಬಗ್ಗೆ ಊರಿನಲ್ಲಿ ಎಷ್ಟೋ ಕಥೆಗಳಿದ್ದವು. ಒಂದು ನಾನೇ ಕಂಡದ್ದು. ನಾವು ಆಗ ಬೆಂಗೇರಿಯಲ್ಲಿದ್ದೆವು. ಶನಿವಾರದ ಸಂತೆಯಲ್ಲಿ ಲಿಂಬೆಹಣ್ಣು ಕೊಂಡು, ಸೈಕಲ್ ಹತ್ತಿ ಅರ್ಧ ದಾರಿ ಹೋದವರು ತಿರುಗಿ ಬಂದು, ಮಾರುವವಳ ಮುಂದೆ ಎರಡು ಹಣ್ಣು ತೆಗೆದಿಟ್ಟರು.

"ಎರಡು ಹೆಚ್ಚು ಬಿದ್ದಾವ ನೋಡವಾ."

"ನಾನ ಹಾಕೇನ್ರಿ ಮಾಸ್ತರ. ಕೊಸರು ಅದು."

"ಕೊಸರು ನಾ ಕೇಳಿಲ್ಲಲ್ಲ."

"ಕೇಳದ ಇದ್ರೂ ಹಾಕ್ತೀವ್ರಿ. ಇಟ್ಕೊರಿ, ಚಹಾಕ್ಕ ಹಿಂಡ್ಕೊರಿ."

"ನಾ ಚಹಾ ಕುಡಿಯೂದಿಲ್ಲ," ಅಂದು ಅವರು ಹೊರಟೇ ಹೋದರು. ಅವಳು ಆ ಎರಡು ಹಣ್ಣು ಕೈಯಲ್ಲಿ ಹಿಡಿದುಕೊಂಡು, ಪಕ್ಕದಲ್ಲಿ ಸಂತೆ ಮಾಡುತ್ತಿದ್ದ ನನ್ನ ಅವ್ವನ ಮುಖ ನೋಡಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಮಾತ್ರ ನಗಲಿಲ್ಲ. "ಮನಶ್ಯಾ ಇದ್ರ ಹಂಗ ಇರಬೇಕು," ಅಂದ. ಅಪ್ಪ ರೈಲ್ವೆಯಲ್ಲಿ ಫಿಟ್ಟರ್. ಅವನ ಪಾಲಿಗೆ ಭೂಮಿಯ ಮೇಲೆ ಮಾಸ್ತರರಿಗಿಂತ ದೊಡ್ಡವರು ಇರಲಿಲ್ಲ.

ವೇದಪುಸ್ತಕ, ಅಂದರೆ ನಮ್ಮ ಬೈಬಲ್, ಅವರಿಗೆ ಬಾಯಿಪಾಠ. ಅಲ್ಲೊಂದು ಇಲ್ಲೊಂದು ವಾಕ್ಯವಲ್ಲ, ಅಧ್ಯಾಯಕ್ಕೆ ಅಧ್ಯಾಯ. ರವಿವಾರದ ಪಾಠ ಓದುವ ಸರದಿ ಅವರದಾದರೆ ಪುಸ್ತಕವನ್ನು ಮುಚ್ಚಿಯೇ ಇಟ್ಟು, ಅದರ ಮೇಲೆ ಬಲಗೈ ಇಟ್ಟು, ಸಭೆಯ ಹಿಂದಿನ ಗೋಡೆ ನೋಡುತ್ತ ಒಂದಕ್ಷರ ತಪ್ಪದೆ ಹೇಳುತ್ತಿದ್ದರು. ಪ್ರಸಂಗ ಮಾಡುವ ಸಭಾಪಾಲಕರು ಒಂದು ವಾಕ್ಯ ತಪ್ಪಿದರೆ ಮೂರನೆಯ ಸಾಲಿನಿಂದ ಒಂದು ಬೆರಳು ಮೇಲೇಳುತ್ತಿತ್ತು. ಆ ಬೆರಳಿಗೆ ಹೆದರಿ ಒಬ್ಬ ಸಭಾಪಾಲಕರು ವರ್ಗ ಮಾಡಿಸಿಕೊಂಡು ಹೋದರು ಅಂತ ನಮ್ಮಲ್ಲಿ ತಮಾಷೆ ಮಾಡುತ್ತಿದ್ದರು.

ಮಕ್ಕಳಾದ ನಮಗೆ ವಾರಕ್ಕೊಂದು ವಾಕ್ಯ ಕೊಡುತ್ತಿದ್ದರು. ಮುಂದಿನ ರವಿವಾರ ಒಪ್ಪಿಸಿದ ಮೇಲೆ ಅವರ ಪ್ರಶ್ನೆ ಒಂದೇ. "ಬಾಯಾಗ ಬಂತು. ಕಾಲಾಗ ಬಂತೇನು?" ಅಂದರೆ, ಆ ವಾಕ್ಯ ನಿನ್ನನ್ನು ಎಲ್ಲಿಗಾದರೂ ನಡೆಸಿಕೊಂಡು ಹೋಯಿತೇ ಅಂತ. ರೋಗಿಗಳನ್ನು ನೋಡಲು ಹೋಗುವ ಮಾತಿದ್ದ ವಾರ ನಾನು ಕಾಲು ಮುರಿದುಕೊಂಡು ಮಲಗಿದ್ದ ಪಕ್ಕದ ಮನೆಯ ಅಜ್ಜಿಯ ಹತ್ತಿರ ಹೋಗಿ ಅರ್ಧ ತಾಸು ಕೂತು ಬಂದೆ. ಅದನ್ನು ಹೇಳಿದಾಗ ಮಾಸ್ತರರು ನನಗೊಂದು ಪೆಪರಮಿಂಟ್ ಕೊಟ್ಟರು. ಅಜ್ಜಿಯ ಹತ್ತಿರ ಮರುದಿನವೂ ಹೋಗಿದ್ದೆ ಅಂದಾಗ ಇನ್ನೊಂದು. ಆಗ ನನಗೆ ಹತ್ತು ವರ್ಷ. ಅವರು ದೇವರಿಗೆ ಎಲ್ಲೋ ಸಂಬಂಧಿಕರಿರಬೇಕು ಅಂತ ನಂಬಿದ್ದೆ.

ವರ್ಷಕ್ಕೊಮ್ಮೆ ವಾಕ್ಯ ಒಪ್ಪಿಸುವ ಸ್ಪರ್ಧೆ. ಅರವತ್ತು ವಾಕ್ಯ, ಕ್ರಮವಾಗಿ, ತಪ್ಪಿಲ್ಲದೆ. ನನಗೆ ಹನ್ನೆರಡು ವರ್ಷವಾಗಿದ್ದಾಗ ಆ ಸಲ ಗೆಲ್ಲುವವಳು ನಾನೇ ಅಂತ ಎಲ್ಲರಿಗೂ ಗೊತ್ತಿತ್ತು. ಅಪ್ಪ ಡ್ಯೂಟಿಯಿಂದ ಬಂದು, ಕೈಯ ಗ್ರೀಸು ತೊಳೆದುಕೊಂಡು, ಚಹಾ ಕುಡಿಯುವುದಕ್ಕಿಂತ ಮೊದಲು ನನ್ನ ವಾಕ್ಯ ಕೇಳುತ್ತಿದ್ದ. ಎರಡು ತಿಂಗಳು ಹೀಗೆ ನಡೆದಿತ್ತು.

ಆ ರವಿವಾರ ಬೆಂಗೇರಿಯಿಂದ ಬಸ್ಸಿನಲ್ಲಿ ಹೋದೆವು. ಸಭೆ ತುಂಬಿತ್ತು. ನಾನು ಮುಂದೆ ನಿಂತು ಹೇಳಲು ಶುರು ಮಾಡಿದೆ. ನಲವತ್ತರ ಆಚೆ ಬಂದಿದ್ದೆ, ಎಲ್ಲೂ ತಡೆದಿರಲಿಲ್ಲ. ಆಗ ಎರಡು ಕೆಮ್ಮು ಕೇಳಿಸಿತು.

"ಕೈಯಾಗ ಏನೈತಿ?"

ನನ್ನ ಮುಷ್ಟಿಯಲ್ಲಿ ಒಂದು ಕಾಗದದ ಸುರುಳಿ ಇತ್ತು. ನನಗೇ ಅದರ ನೆನಪಿರಲಿಲ್ಲ. ಬಸ್ಸಿನ ಟಿಕೆಟ್ಟು. ಹೆದರಿಕೆಯಿಂದ ಉಂಡೆ ಮಾಡುತ್ತ ಹಿಡಿದುಕೊಂಡೇ ನಿಂತಿದ್ದೆ. ಮಾಸ್ತರರು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಿಡಿಸಿ ನೋಡಲಿಲ್ಲ. ಅಂಗಿಯ ಕಿಸೆಗೆ ಹಾಕಿಕೊಂಡು ಸಭೆಯ ಕಡೆ ತಿರುಗಿದರು.

"ದೇವರ ವಾಕ್ಯದಾಗ ಕಳ್ಳತನ ಮಾಡಿದವರಿಗೆ ಇಲ್ಲಿ ಜಾಗಾ ಇಲ್ಲ. ಹೋಗು, ಕೂಡು."

"ಅಲ್ರಿ ಸರ, ಅದು ಬಸ್ಸಿನ..."

"ದೇವರ ಮನ್ಯಾಗ ನಿಂತು ಎದುರು ಮಾತಾಡಬ್ಯಾಡ."

ಎರಡನೆಯ ಸಾಲಿನಲ್ಲಿದ್ದ ಅಪ್ಪನ ಕಡೆ ನೋಡಿದೆ. ಅವನು ತಲೆ ತಗ್ಗಿಸಿದ್ದ. ನನ್ನ ಪಾಲಿಗೆ ಸ್ಪರ್ಧೆ ಮುಗಿದದ್ದು ಮಾಸ್ತರರ ಮಾತಿನಿಂದಲ್ಲ, ಆ ತಗ್ಗಿದ ತಲೆಯಿಂದ. ಮನೆಗೆ ಬರುವಾಗ ಬಸ್ಸು ಖಾಲಿ ಇತ್ತು. ಆದರೂ ಅಪ್ಪ ನನ್ನ ಪಕ್ಕ ಕೂಡದೆ ಬಾಗಿಲ ಹತ್ತಿರ ನಿಂತೇ ಬಂದ.

ನಮ್ಮ ಮನೆಯಲ್ಲಿ ದಿನಾ ಸಂಜೆ ಪ್ರಾರ್ಥನೆ. ವೇದಪುಸ್ತಕವನ್ನು ಒಬ್ಬರಾದ ಮೇಲೆ ಒಬ್ಬರು ಓದಬೇಕು. ಆ ವಾರ ಒಂದು ಸಂಜೆ, ಅವ್ವ ಓದಿ ಮುಗಿಸಿದ ಮೇಲೆ ಅಪ್ಪ ಪುಸ್ತಕವನ್ನು ನನ್ನ ಕೈ ದಾಟಿಸಿ ತಮ್ಮನಿಗೆ ಕೊಟ್ಟ. ಮರುದಿನವೂ ಹಾಗೇ. ನನ್ನ ಮದುವೆಯಾಗುವವರೆಗೂ, ಹನ್ನೆರಡು ವರ್ಷ, ಆ ಪುಸ್ತಕ ನನ್ನ ಕೈಗೆ ಬರಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ, ಆ ವಿಷಯವನ್ನೇ ಎತ್ತಲಿಲ್ಲ. ಒಮ್ಮೆ ನಾನೇ ಊಟಕ್ಕೆ ಕೂತಾಗ "ಅಪ್ಪಾ, ಅದು ಬಸ್ಸಿನ ಟಿಕೆಟ್ ಇತ್ತು," ಅಂದೆ. "ಆತು ಬಿಡು, ಉಣ್ಣು," ಅಂದ, ತಾಟಿನಿಂದ ಮುಖ ಎತ್ತದೆ. ನಂಬಲಿಲ್ಲ ಅಂದುಕೊಂಡೆ. ಮತ್ತೆ ಹೇಳಲಿಲ್ಲ.

ನನಗೆ ಸಿಟ್ಟು ಬೇಗ ಬರುತ್ತದೆ. ಬಂದದ್ದು ಹೋಗುವುದಿಲ್ಲ, ಮನೆ ಮಾಡಿಕೊಂಡು ಉಳಿಯುತ್ತದೆ. ಆ ಸಭೆಗೆ ಹೋಗುವುದನ್ನು ಬಿಟ್ಟೆ. ಅಪ್ಪ ಒತ್ತಾಯ ಮಾಡಲಿಲ್ಲ. ದೊಡ್ಡವಳಾದೆ, ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕೆಲಸ ಹಿಡಿದೆ, ಗಂಡನ ಮನೆಯವರ ಸಭೆಗೆ ಹಬ್ಬಹುಣ್ಣಿಮೆಗೆ ಮುಖ ತೋರಿಸಿ ಬರುತ್ತಿದ್ದೆ. ವೇದಪುಸ್ತಕ ತೆರೆಯುವುದು ಎಂದೋ ನಿಂತಿತ್ತು. ವಿಚಿತ್ರವೆಂದರೆ ಆ ಅರವತ್ತು ವಾಕ್ಯಗಳು ಮಾತ್ರ ಹೋಗಲಿಲ್ಲ. ಪಾತ್ರೆ ತೊಳೆಯುವಾಗ ತಾವಾಗಿ ಬಾಯಿಗೆ ಬರುತ್ತಿದ್ದವು, ನಾನು ನಲ್ಲಿ ಜೋರು ಮಾಡುತ್ತಿದ್ದೆ. ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷ. ಕೊನೆಯ ದಿನವೂ ಅವನು ಆ ಮಾತು ಎತ್ತಲಿಲ್ಲ.

ಮೂರು ವರ್ಷದ ಹಿಂದೆ ಒಂದು ರವಿವಾರ ಬೆಳಿಗ್ಗೆ ತಮ್ಮ ಫೋನು ಮಾಡಿದ. ಅವನು ಇವತ್ತಿಗೂ ಅದೇ ಸಭೆಗೆ ಹೋಗುವವನು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಅಕ್ಕಾ, ಮಾಸ್ತರು ಅರ್ಧಕ್ಕ ಓದೂದು ಬಿಟ್ಟು ಸಭಾದಿಂದ ಎದ್ದು ಹೊಂಟ್ರು! ಬಾಗಲದಾಗ ನನ್ನ ಕೈ ಹಿಡದು ನಿಮ್ಮ ಮನಿ ಎಲ್ಲಿ ಅಂತ ಕೇಳಿದ್ರು. ಹೇಳೇನಿ. ಸಿಟ್ಟಾಗಬ್ಯಾಡ."

ಆದದ್ದು ಏನೆಂದು ಅವನಿಂದಲೇ ತಿಳಿಯಿತು. ಅದಕ್ಕೆ ಕೆಲವು ತಿಂಗಳ ಹಿಂದೆ ಮಾಸ್ತರರಿಗೆ ಪಾರ್ಶ್ವವಾಯು ಸಣ್ಣಗೆ ಬಡಿದಿತ್ತು. ಬಲಗೈ ಸ್ವಲ್ಪ ಸೋತಿತು, ನಾಲಿಗೆ ಉಳಿಯಿತು, ಆದರೆ ಬಾಯಿಪಾಠವೆಲ್ಲ ಹೋಯಿತು. ಒಂದು ವಾಕ್ಯವೂ ಉಳಿಯದ ಹಾಗೆ ಹೋಯಿತು. ಮೂರನೆಯ ಸಾಲಿನ ಬೆರಳು ಮೇಲೇಳುವುದು ನಿಂತಿತು. ಆದರೂ ಓದುವ ಸರದಿಯನ್ನು ಮಾಸ್ತರರು ಬಿಡಲಿಲ್ಲ. ಆ ರವಿವಾರ ಅವರು ಮೊದಲ ಸಲ ಪುಸ್ತಕ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು, ಎರಡನೆಯ ತರಗತಿಯ ಮಕ್ಕಳಂತೆ ನಿಧಾನವಾಗಿ ಓದುತ್ತಿದ್ದರಂತೆ. ಕಾಣಿಕೆ ಕೊಡಲು ಪೀಠದ ಹತ್ತಿರ ಬಂದವನಿಗೆ, ಯಾರಿಗಾದರೂ ನಿನ್ನ ಮೇಲೆ ಮನಸ್ತಾಪ ಇರುವುದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊ ಅನ್ನುವ ಭಾಗ ಅದು. ಬೆರಳು ಅಲ್ಲಿಗೆ ಬಂದು ನಿಂತಿತು. ಸಭೆ ಕಾಯಿತು. ಮರೆತರೇನೋ ಅಂತ ಯಾರೋ ಮುಂದಿನ ಶಬ್ದ ಹೇಳಿಕೊಟ್ಟರು. ಮಾಸ್ತರರು ತಲೆಯೆತ್ತಿ, "ಇದನ್ನ ನಾ ನೂರು ಸಲ ಹೇಳೇನಿ. ಒಮ್ಮಿನೂ ಓದಿದ್ದಿಲ್ಲ," ಅಂದು ಪುಸ್ತಕವನ್ನು ತೆರೆದಂತೆಯೇ ಬಿಟ್ಟು ಕೆಳಗಿಳಿದು ಹೊರಟುಬಿಟ್ಟರು. ಜನ ದಂಗಾಗಿ ಕೂತರು. ಪಾಠದ ನಂತರದ ಹಾಡು ನುಡಿಸಬೇಕಾದವನು ಕೂಡ ಕೈಕಟ್ಟಿ ಕೂತಿದ್ದನಂತೆ.

ಫೋನು ಇಡುವುದಕ್ಕೂ ಮನೆಯ ಮುಂದೆ ಆಟೋ ನಿಲ್ಲುವುದಕ್ಕೂ ಸರಿಹೋಯಿತು. ಬಾಗಿಲು ತೆರೆದೆ. ಅದೇ ಬಿಳಿ ಅಂಗಿ, ಮೈಯೆಲ್ಲ ಬೆವರು. ಒಳಗೆ ಬನ್ನಿ ಅಂದೆ. ಬರಲಿಲ್ಲ. ಮೆಟ್ಟಿಲ ಮೇಲೆ ನಿಂತೇ ಎರಡು ಸಲ ಕೆಮ್ಮಿದರು.

"ನೀ ಕಳ್ಳತನ ಮಾಡಿದ್ದಿಲ್ಲ. ಅದು ಬಸ್ಸಿನ ಟಿಕೆಟ್ ಇತ್ತು. ನನಗ ಮರುದಿನಾನ ಗೊತ್ತಾತು. ಇಪ್ಪತ್ತೊಂಬತ್ತು ವರ್ಷ ಗೊತ್ತಿದ್ದೂ ಸುಮ್ನ ಇದ್ದೆ. ನನ್ನ ಕ್ಷಮಿಸ್ತೀ ಏನವಾ?"

ಅವರಿಗೆ ಗೊತ್ತಿಲ್ಲ, ತಪ್ಪು ತಿಳಿದಿದ್ದಾರೆ ಅಂತಲೇ ಅಷ್ಟು ವರ್ಷ ಬೈದುಕೊಂಡಿದ್ದೆ. ಮರುದಿನವೇ ಗೊತ್ತಿತ್ತು! ಎರಡು ಲಿಂಬೆಹಣ್ಣು ತಿರುಗಿ ಕೊಡಲು ಸೈಕಲ್ ತುಳಿದು ಬಂದ ಮನುಷ್ಯ ನನ್ನ ಹೆಸರನ್ನು ಮಾತ್ರ ತಿರುಗಿ ಕೊಟ್ಟಿರಲಿಲ್ಲ. ಕಿರುಚಬೇಕು ಅನ್ನಿಸಿತು. ಕಿರುಚಲಿಲ್ಲ. ಬಹಳ ನಯವಾಗಿ ನಕ್ಕು, "ಇರ್ಲಿ ಬಿಡ್ರಿ ಸರ, ಹಳೇ ಮಾತು. ಚಹಾ... ನೀವು ಕುಡಿಯೂದಿಲ್ಲಲ್ಲ. ನೀರರ ತಗೋರಿ," ಅಂದೆ.

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. "ನಿನ್ನ ಮನಸ್ಸಿಗೆ ಬಂದಾಗ ಹೇಳವಾ. ನಾ ಕಾಯ್ತೇನಿ," ಅಂದು ಮೆಟ್ಟಿಲಿಳಿದರು. ಮುಂದಿನ ರವಿವಾರ ಸಭೆಯ ಎದುರು ನಿಂತು ಎಲ್ಲ ಹೇಳಿ, ಹಿರಿಯರ ಸ್ಥಾನ ಬಿಟ್ಟುಕೊಟ್ಟರು ಅಂತ ತಮ್ಮ ಹೇಳಿದ. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು. ಕ್ಷಮೆ ಕೊಡದೆ, ಕೊಟ್ಟಂತೆ ಕಾಣಿಸಿ, ಅವರನ್ನು ಬರಿಗೈಯಲ್ಲಿ ಕಳಿಸಿದ ಆ ಕ್ಷಣವನ್ನು ಎಷ್ಟೋ ದಿನ ಚಪ್ಪರಿಸಿದೆ. ಭೋಜನದ ವಿಷಯ ಮಾತ್ರ ತಮ್ಮ ಹೇಳಿರಲಿಲ್ಲ. ನನ್ನ ಮುಂದೆ ಮಾಸ್ತರರ ಹೆಸರೆತ್ತಲು ಅವನಿಗೆ ಹೆದರಿಕೆ.

"'ಬಾಯಿಲೆ ಬಿಡ್ರಿ ಅಂದ್ಲು, ಆಕಿ ಕಣ್ಣಾಗ ಬಿಟ್ಟಿದ್ದಿಲ್ಲ. ಆಕಿ ಬಿಡೂತನಕ ಆ ಪಂಕ್ತ್ಯಾಗ ಕೂಡಾಕ ನನಗ ಹಕ್ಕಿಲ್ಲ' ಅಂತಾರ್ರಿ," ಅಂದರು ಈಗ ನನ್ನೆದುರು ಕೂತಿದ್ದ ಸಭಾಪಾಲಕರು. ಆಮೇಲೆ ಆ ನೀರು ಕುಡಿದರು.

ಅವತ್ತೇ ಸಂಜೆ ಹೋದೆ. ಆಟೋದಲ್ಲಿ ಮಾತನ್ನು ನಾಲ್ಕು ಸಲ ರೂಢಿ ಮಾಡಿಕೊಂಡೆ. ಕೋಣೆಯಲ್ಲಿ ಮಾಸ್ತರರ ಹೆಂಡತಿ, ನಾವೆಲ್ಲ ಕಾಕು ಅನ್ನುತ್ತಿದ್ದವರು, ದಪ್ಪಕ್ಷರದ ವೇದಪುಸ್ತಕವನ್ನು ಅವರ ಮುಖದ ಮುಂದೆ ಎತ್ತಿ ಹಿಡಿದಿದ್ದರು. ಮಾಸ್ತರರ ಎಡಗೈ ಬೆರಳು ಸಾಲಿನ ಕೆಳಗೆ ನಿಧಾನವಾಗಿ ಸರಿಯುತ್ತಿತ್ತು. "ದಿನಾ ನಾಕು ಸಾಲು ಓದ್ತಾರವಾ," ಅಂದರು ಕಾಕು. "ಮದಲ ಒಂದು ತಾಸಿನ್ಯಾಗ ಇಪ್ಪತ್ತು ಅಧ್ಯಾಯ ಹೇಳ್ತಿದ್ರು. ಈಗ ನಾಕು ಸಾಲಿಗೆ ಅಳ್ತಾರ."

ಸಭಾಪಾಲಕರು ರೊಟ್ಟಿ, ದ್ರಾಕ್ಷಾರಸದ ಸಣ್ಣ ಪೆಟ್ಟಿಗೆ ತಂದು ಕಿಟಕಿಯ ಹತ್ತಿರ ನಿಂತಿದ್ದರು. ನಾನು ಮಂಚದ ಪಕ್ಕ ಹೋಗಿ ನಿಂತೆ.

"ಸರ, ನಾ ನಿಮ್ಮನ್ನ ಕ್ಷಮಿಸೇನ್ರಿ."

ಎರಡು ಕೆಮ್ಮು. ಬಹಳ ಸಣ್ಣವು.

"ಖರೇ?"

ಹೌದು ಅನ್ನಲು ಬಾಯಿ ತೆರೆದೆ. "ಇಲ್ರಿ," ಅಂದಿತು ಬಾಯಿ. ನನಗೇ ದಿಗಿಲಾಯಿತು. ಸಾಯುತ್ತಿರುವ ಮನುಷ್ಯನ ಎದುರು ಎಂಥ ಮಾತು! ಸಭಾಪಾಲಕರು ಬೆಚ್ಚಿ ನನ್ನ ಕಡೆ ತಿರುಗಿದರು. ಮಾಸ್ತರರ ಮುಖ ಮಾತ್ರ ಬೆಳಗಿತು. ಕಷ್ಟದ ಲೆಕ್ಕವನ್ನು ನಮ್ಮಲ್ಲಿ ಯಾರಾದರೂ ಬೋರ್ಡಿನ ಮೇಲೆ ಬಿಡಿಸಿದಾಗ ಹಾಗೆ ಬೆಳಗುತ್ತಿತ್ತು.

"ಹಾಂ. ಇದು ಛಲೋ ಆತು," ಅಂದರು. "ಸಾಯಾವ ಅಂತ ದಯಾ ತೋರಸಬ್ಯಾಡ. ಯಾವುದು ಬಿಡಾಕ ಆಗವಲ್ತು, ಅದನ್ನ ಹೇಳು."

ಹೇಳಿದೆ. ನಿಂತುಕೊಂಡೇ ಹೇಳಿದೆ.

"ಸಭಾದಾಗ ನೀವು ಅಂದಿದ್ದು ಹೋಗ್ಲಿ ಸರ. ನಮ್ಮಪ್ಪ ನಾ ಕಳ್ಳಿ ಅಂತ ನಂಬಕೊಂಡ ಸತ್ತ. ಹನ್ನೆರಡು ವರ್ಷ ನನ್ನ ಕೈಯಾಗ ಪುಸ್ತಕ ಕೊಡ್ಲಿಲ್ಲ. ನಿಮಗ ಮರುದಿನಾನ ಗೊತ್ತಾಗಿತ್ತು. ಊರಿಗೆ ಹೇಳಬ್ಯಾಡ್ರಿ, ಸಭಾಕ್ಕ ಹೇಳಬ್ಯಾಡ್ರಿ. ನಮ್ಮಪ್ಪಗ ಒಬ್ಬಾವಗ ಹೇಳಿದ್ರ ಸಾಕಿತ್ತು. ಅದನ್ನ ಹೆಂಗ ಬಿಡ್ಲಿ?"

"ಅಯ್ಯ, ಇಲ್ಲವಾ ತಂಗಿ, ಅದು..." ಅಂದರು ಕಾಕು.

ಮಾಸ್ತರರು ಎಡಗೈ ಎತ್ತಿದರು. "ನೀ ಸುಮ್ನಿರು."

ಮಾಸ್ತರರು ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಅಂದು ನಾನು ಹಿಂದೆ ಸರಿದೆ. ಆಗ ಮಾತಾಡಿದರು, ಒಂದೊಂದೇ ಮಾತು, ನಡುನಡುವೆ ಉಸಿರು ತೆಗೆದುಕೊಳ್ಳುತ್ತ.

"ಅದಕ್ಕ ನನ್ನ ಕಡೆ ಜವಾಬಿಲ್ಲವಾ. ಅದು ದೊಡ್ಡದು. ಲಗೂ ಬಿಡಬ್ಯಾಡ. ಬಿಡದ ಬಿಟ್ಟೇನಿ ಅಂತಾನೂ ಅನಬ್ಯಾಡ. ದಿನಾ ಸ್ವಲ್ಪ ಓದು. ಬಾಯಿಪಾಠ ಬರ್ತಾವ ಅಂತ ಓದದ ಇರಬ್ಯಾಡ. ನಾ ಅಲ್ಲೇ ಕೆಟ್ಟೆ."

ಸಭಾಪಾಲಕರು ಪೆಟ್ಟಿಗೆ ತೆರೆಯಲಿಲ್ಲ. ನಾನು ಕಾಲೇಜು, ಪರೀಕ್ಷೆ ಅಂತ ನೆವ ಹೇಳಿಕೊಂಡು ಮತ್ತೆ ಹೋಗಲಿಲ್ಲ. ನಾಲ್ಕನೆಯ ದಿನ ಮಾಸ್ತರರು ತೀರಿಕೊಂಡರು. ಆ ರೊಟ್ಟಿಯ ಚೂರು ಬಾಯಿಗೆ ಹಾಕಿಕೊಳ್ಳದೆಯೇ ಹೋದರು. ಅಂತ್ಯಕ್ರಿಯೆಗೆ ಹೋಗಿ ಎಲ್ಲರ ಹಿಂದೆ ನಿಂತಿದ್ದೆ. ಅವರ ಶಿಷ್ಯರು ಒಬ್ಬರಾದ ಮೇಲೊಬ್ಬರು ಮಣ್ಣು ಹಾಕಿದರು. ನಾನು ಕೈಯಲ್ಲಿ ಮಣ್ಣು ಹಿಡಿದುಕೊಂಡು ನಿಂತೆ. ಹಾಕಲು ಮನಸ್ಸು ಬರಲಿಲ್ಲ, ಚೆಲ್ಲಲೂ ಬರಲಿಲ್ಲ.

ಒಂದು ವಾರ ಬಿಟ್ಟು ದೇಶಪಾಂಡೆ ನಗರದ ಅವರ ಮನೆಗೆ ಕಾಕುವನ್ನು ಮಾತಾಡಿಸಲು ಹೋದೆ. ಬಂದವರೆಲ್ಲ ಹೋಗಿ ಮನೆ ಖಾಲಿಯಾಗಿತ್ತು. ಕಾಕು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡರು.

"ಅವತ್ತು ನನ್ನ ಸುಮ್ನಿರು ಅಂದ್ರು," ಅಂದರು. "ಈಗ ಅನ್ನಾಕ ಅವರಿಲ್ಲ. ನಾ ಹೇಳಾಕಿ."

ನಾನು ಏನೋ ಮನೆಯ ಮಾತು ಅಂದುಕೊಂಡೆ.

"ಸೋಮವಾರ ಅಂಗಿ ಒಗಿಯೂ ಮುಂದ ಕಿಸೇದಾಗ ಆ ಟಿಕೆಟ್ ಸಿಕ್ತು. ನಾನ ತೋರಿಸಿದೆ. ಅವರ ಮಾರಿ ಬೆಳ್ಳಗಾತು. ಉಣಲಿಲ್ಲ. ಸಂಜಿಕ ಡ್ಯೂಟಿ ಬಿಡೂ ಹೊತ್ತಿಗೆ ಹೋಗಿ, ರೈಲ್ವೆ ವರ್ಕ್‌ಶಾಪಿನ ಗೇಟಿನ ಹೊರಗ ನಿಂತು, ನಿಮ್ಮಪ್ಪನ್ನ ಕಂಡ್ರು."

"ನಮ್ಮಪ್ಪನ್ನ?"

"ಹೌದವಾ. ಎಲ್ಲಾ ಹೇಳಿದ್ರು. ರವಿವಾರ ಸಭಾದಾಗ ಎದ್ದು ನಿಂತು ಒಪ್ಪಕೋತೇನಿ, ಹುಡುಗಿ ಮುಂದ ತಪ್ಪಾತು ಅಂತೇನಿ ಅಂದ್ರು. ನಿಮ್ಮಪ್ಪ ಕೈ ಮುಗದ್ರಂತ. 'ಬ್ಯಾಡ್ರಿ ಸರ. ನಿಮ್ಮ ಮಾತು ಬಿದ್ರ ಮಕ್ಕಳು ಮುಂದ ಯಾರ ಮಾತು ಕೇಳ್ತಾವ. ನಮ್ಮ ಹುಡುಗಿ ಸಣ್ಣಾಕಿ, ನಾಕು ದಿನಕ್ಕ ಮರೀತಾಳ. ಆಕಿಗೂ ಹೇಳಬ್ಯಾಡ್ರಿ. ಆಕಿ ಬಾಯಿ ನಿಲ್ಲೂದಿಲ್ಲ, ಊರೆಲ್ಲಾ ಮಾಡ್ತಾಳ' ಅಂದ್ರಂತ. ಆಣಿ ಪ್ರಮಾಣ ಮಾಡಿಸಿಕೊಂಡ್ರಂತ."

ಕಾಕುವಿನ ಮಾತು ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಸೋಮವಾರ ಸಂಜೆಯಿಂದಲೇ ಗೊತ್ತಿತ್ತು. ಪುಸ್ತಕ ನನ್ನ ಕೈ ದಾಟಿ ಹೋದದ್ದು ನಾನು ಕಳ್ಳಿ ಅಂತಲ್ಲ. ಆ ಪುಸ್ತಕ ಹಿಡಿದ ನನ್ನ ಮುಖ ನೋಡಲು ಅವನಿಗೆ ಆಗುತ್ತಿರಲಿಲ್ಲ. "ಆತು ಬಿಡು, ಉಣ್ಣು" ಅಂದಾಗಲೂ ಗೊತ್ತಿತ್ತು.

"ಇದನ್ನ ಆ ಹುಡುಗಿಗೆ ಹೇಳಿಬಿಡ್ರಿ, ಆಕಿ ನಿಮ್ಮನ್ನ ಬಿಟ್ಟಾಳು, ನೀವೂ ಭೋಜನ ತಗೊಂಡೀರಿ ಅಂತ ಈ ಮೂರು ವರ್ಷ ನಾ ಬಡಕೊಂಡೆ," ಅಂದರು ಕಾಕು. "'ಅವರು ಬ್ಯಾಡ ಅಂದ್ರು, ನನಗ ಬೇಕಾಗಿದ್ದೂ ಅದನ. ಖುಷಿಲೇ ಸುಮ್ನಾದೆ. ಪಾಪ ನಂದು, ಅವರ ಮ್ಯಾಲೆ ಹಾಕಾಂವಲ್ಲ. ನಾ ಬಾಯಿ ಬಿಟ್ರ ನನಗ ಭೋಜನ ಸಿಗತೈತಿ, ಆಕಿ ಅಪ್ಪನ್ನ ಕಳಕೋತಾಳ' ಅಂತಿದ್ರು. ದವಾಖಾನ್ಯಾಗ ನೀ ಅದನ್ನ ಕೇಳಿದಾಗ ನನ್ನ ಕರಳು ಕಿತ್ತು ಬಂತು. ಬಾಯಿ ಬಿಡಾಕ ಹ್ವಾದೆ. ಕೈ ಎತ್ತಿದ್ರು."

ಎದುರು ಗೋಡೆಯ ಮೇಲೆ ಮಾಸ್ತರರ ಫೋಟೋ ಇತ್ತು. ನಾನು ಎದ್ದು ಅದರ ಮುಂದೆ ನಿಂತೆ. "ಕ್ಷಮಿಸೇನ್ರಿ ಸರ," ಅಂದೆ. ಈ ಸಲ ಖರೇ ಇತ್ತು. ಖರೇ ಏನು ಅಂತ ಕೇಳುವವರು ಇರಲಿಲ್ಲ.

ಹಿಂದಿನಿಂದ ಕಾಕು ಕೇಳಿದರು. "ಮತ್ತ ನಿಮ್ಮಪ್ಪಗ?"

ಅಪ್ಪ ಸತ್ತಾಗ ನಾನು ಅತ್ತಿರಲಿಲ್ಲ. ಹದಿನಾಲ್ಕು ವರ್ಷ ತಡವಾಗಿ ಆ ಪಡಸಾಲೆಯಲ್ಲಿ ಅಳು ಬಂತು. ಸಿಟ್ಟಿಗೆ ಬಂತೋ, ದುಃಖಕ್ಕೆ ಬಂತೋ, ಬಂತು, ನಿಲ್ಲಲಿಲ್ಲ. ಕಾಕು ಸಮಾಧಾನ ಮಾಡಲಿಲ್ಲ. ಉತ್ತರಕ್ಕೆ ಕಾಯುತ್ತ ಕೂತರು. ಅದನ್ನು ನಾನು ಇನ್ನೂ ಕೊಟ್ಟಿಲ್ಲ.